ನಾಲ್ಕು ಗೇಣಿನ ಬಾಗಿಲು

ಮುದ್ದೆಯನ್ನು ಮೇಲಿಂದ ನೋಡಿದರೂ ಗುಂಡಗೆ, ಮುಂದಿನಿಂದ ನೋಡಿದರೂ ಗುಂಡಗೆ, ಪಕ್ಕದಿಂದ ನೋಡಿದರೂ ಗುಂಡಗೆ. ಪ್ರಪಂಚಕ್ಕೆ ಈ ಸತ್ಯವನ್ನು ಮೊದಲು ತಿಳಿಸಿದವನು ನಾನು. ಹೋದ ವರ್ಷ, ಹತ್ತನೇ ಕ್ಲಾಸಿನಲ್ಲಿದ್ದಾಗ.

ಮಳವಳ್ಳಿಯ ನಮ್ಮ ಹೈಸ್ಕೂಲಿಗೆ ಆ ವರ್ಷ ಡ್ರಾಫ್ಟಿಂಗ್ ಅಂತ ಒಂದು ಹೊಸ ಪಾಠ ಬಂತು. ಮನೆಯಾಗಲಿ, ಮೇಜಾಗಲಿ, ಕಟ್ಟುವ ಮೊದಲು ಅಳತೆ ಹಿಡಿದು ನಕ್ಷೆ ಬರೆಯುವ ವಿದ್ಯೆ. ಮೊದಲು ಕಾಗದದ ಮೇಲೆ ಕೈಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಕಂಪ್ಯೂಟರಿನಲ್ಲಿ ಬರೆಯುವುದಕ್ಕೆ ಕ್ಯಾಡ್ ಅಂತ ಹೆಸರು. ಕಲಿಸಲು ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಒಬ್ಬರು ಮಿಸ್ ಬರುತ್ತಿದ್ದರು. ಡಿಪ್ಲೊಮಾ ಮುಗಿಸಿ, ಯಾವುದೋ ಕಂಪನಿಯಲ್ಲಿ ನಾಲ್ಕಾರು ವರ್ಷ ನಕ್ಷೆ ಬರೆದು ಬಂದವರು. ಆಳು ಕುಳ್ಳಗೆ, ಹೆಗಲ ಮೇಲಿನ ಟಿ-ಸ್ಕ್ವೇರು, ಅಂದರೆ ಗೆರೆ ಎಳೆಯುವ ಮರದ ಪಟ್ಟಿ, ಉದ್ದಕ್ಕೆ. ಬೆಳಿಗ್ಗೆ ಅವರು ಗೇಟಿನೊಳಗೆ ಬರುತ್ತಿದ್ದರೆ ಯಾರೋ ನೇಗಿಲು ಹೊತ್ತುಕೊಂಡು ಉಳಲು ಬಂದ ಹಾಗೆ ಕಾಣುತ್ತಿತ್ತು.

ಮದ್ದೂರಿನವರು ಅಂದಮೇಲೆ ವಡೆ ತರುತ್ತಾರೆ ಅಂತ ನಾವು ಮೊದಲ ವಾರ ಪೂರ್ತಿ ಅವರ ಬ್ಯಾಗನ್ನೇ ನೋಡುತ್ತಿದ್ದೆವು. ಬ್ಯಾಗಿನಿಂದ ಬಂದದ್ದು ಮರಳುಕಾಗದ. ಪೆನ್ಸಿಲ್ ತುದಿಯನ್ನು ಅದರ ಮೇಲೆ ಉಜ್ಜಿ ಉಳಿಯ ಬಾಯಿಯಂತೆ ಮಾಡಿಕೊಳ್ಳಬೇಕು, ಆಗ ಗೆರೆ ಕೊನೆಯವರೆಗೂ ಒಂದೇ ದಪ್ಪ ಬರುತ್ತದೆ. ನಾವು ಎಷ್ಟು ಉಜ್ಜಿದೆವೆಂದರೆ, ತಿಂಗಳ ಕೊನೆಗೆ ನಮ್ಮ ಬೆಂಚಿನಲ್ಲಿ ಕಿರುಬೆರಳಿಗಿಂತ ಉದ್ದದ ಪೆನ್ಸಿಲ್ ಇರಲಿಲ್ಲ.

ಮೊದಲ ದಿನದ ಮನೆಗೆಲಸ, ಮನೆಯಲ್ಲಿರುವ ಒಂದು ವಸ್ತುವನ್ನು ಮೂರು ಕಡೆಯಿಂದ ನೋಡಿ ಬರೆದುಕೊಂಡು ಬರುವುದು. ಒಬ್ಬಳು ಹೊಲಿಗೆ ಮಿಷನ್ನು ಬರೆಯಲು ಹೋಗಿ ಅಳುವುದಕ್ಕೆ ಬಂದಿದ್ದಳು. ಒಬ್ಬ ಎಮ್ಮೆ ಬರೆದ. ಅವನು ಪಕ್ಕಕ್ಕೆ ಹೋದಾಗೆಲ್ಲ ಎಮ್ಮೆಯೂ ತಿರುಗಿ ಅವನನ್ನೇ ನೋಡುತ್ತಿದ್ದರಿಂದ ಮೂರು ಚಿತ್ರದಲ್ಲೂ ಅದರ ಮುಖವೇ ಇತ್ತು. ನಾನು ಕೈವಾರ ತೆಗೆದುಕೊಂಡು ಮೂರು ಸೊನ್ನೆ ಸುತ್ತಿ, ಕೆಳಗೆ 'ಮುದ್ದೆ' ಅಂತ ಬರೆದು, ಎರಡು ನಿಮಿಷದಲ್ಲಿ ಕ್ರಿಕೆಟ್ಟಿಗೆ ಓಡಿದೆ.

ಮಾರನೇ ದಿನ ಮಿಸ್ ನನ್ನ ಹಾಳೆಯನ್ನೇ ಆರಿಸಿ ಬೋರ್ಡಿಗೆ ಅಂಟಿಸಿದರು. ಕ್ಲಾಸೆಲ್ಲ ನಕ್ಕಿತು. ನಾನು ಎದ್ದು ನಿಂತು ಎಲೆಕ್ಷನ್ನಿನಲ್ಲಿ ಗೆದ್ದವನ ಹಾಗೆ ಎಲ್ಲರಿಗೂ ಕೈ ಮುಗಿದೆ.

"ನಿಮ್ಮನೇಲಿ ಮುದ್ದೇನ ಗಾಳೀಲಿ ತೇಲ್ಸಿ ಊಟಕ್ಕಿಡ್ತಾರಾ?" ಅಂದರು ಮಿಸ್.

"ಇಲ್ಲ ಮಿಸ್. ತಟ್ಟೇಲಿ ಮಡಗ್ತಾರೆ."

"ತಟ್ಟೇಲಿ ಮಡಗಿದ್ಮೇಲೆ ತಳ ಚಪ್ಪಟೆ ಆಗಲ್ವಾ? ಪಕ್ಕದಿಂದ ನೋಡಿದ್ರೆ ಪೂರ್ತಿ ಗುಂಡಗೆ ಹೆಂಗ್ ಕಾಣ್ತು ನಿಂಗೆ?"

ಹಲ್ಲು ಬಂದಾಗಿನಿಂದ ನಾನು ಹತ್ತು ಸಾವಿರ ಮುದ್ದೆಯನ್ನಾದರೂ ನುಂಗಿರಬೇಕು. ಒಂದರ ತಳವನ್ನೂ ನೋಡಿರಲಿಲ್ಲ. ನೋಡದೆ ಬರೆದಿದ್ದೀಯ ಅಂತ ಮಿಸ್ ಹಾಳೆಯನ್ನು ವಾಪಸು ಕೊಟ್ಟರು. ಅವತ್ತು ಊಟದಲ್ಲಿ ನಾನು ಮುದ್ದೆ ಎತ್ತಿ ತಳ ನೋಡುತ್ತಿದ್ದರೆ, ಕೂದಲು ಸಿಕ್ಕಿತೇನೋ ಅಂತ ಅವ್ವ ಗಾಬರಿಯಾದಳು.

ಕಾಗದದ ಕೆಲಸ ಮುಗಿಯುವ ಹೊತ್ತಿಗೆ ದಸರಾ ರಜೆ ಬಂದು ಹೋಗಿತ್ತು. ಆಮೇಲೆ ಕಂಪ್ಯೂಟರ್ ಲ್ಯಾಬು. ಅಲ್ಲಿ ಎಂಟು ಕಂಪ್ಯೂಟರ್ ಇದ್ದವು, ಐದು ಆನ್ ಆಗುತ್ತಿದ್ದವು. ಅವು ಪೂರ್ತಿ ಎಚ್ಚರವಾಗುವಷ್ಟರಲ್ಲಿ ಒಂದು ಗದ್ದೆ ಕಬ್ಬು ಕಡಿದು ಟ್ರ್ಯಾಕ್ಟರಿಗೆ ತುಂಬಬಹುದಿತ್ತು. ಒಂದರ ಕೀಬೋರ್ಡಿನಲ್ಲಿ ಸೊನ್ನೆಯೇ ಕಿತ್ತುಹೋಗಿತ್ತು. ಅಲ್ಲಿ ಕುಳಿತವರಿಗೆ ಹತ್ತಡಿ ಗೋಡೆ ಬೇಕೆಂದರೆ ಐದಡಿಯ ಗೋಡೆಯನ್ನು ಎರಡು ಸಲ ಎಳೆಯಬೇಕು.

ಕ್ಯಾಡಿನಲ್ಲಿ ಮಿಸ್ ಹಾಕಿಕೊಟ್ಟ ನಿಯಮ ಒಂದೇ. ಗೆರೆಯನ್ನು ಸರಿಯಾದ ಉದ್ದಕ್ಕೆ ಎಳೆಯಿರಿ, ಆಮೇಲೆ ಅದರ ಎರಡು ತುದಿ ತೋರಿಸಿ. ಉದ್ದ ಎಷ್ಟು ಅನ್ನುವುದನ್ನು ಕಂಪ್ಯೂಟರೇ ಅಳೆದು ಬರೆಯುತ್ತದೆ. ಆ ಅಂಕಿಯ ಮೇಲೆ ನೀವು ಬೇರೆ ಅಂಕಿ ಟೈಪ್ ಮಾಡಬೇಡಿ. ಮಾಡಿದರೆ ಗೆರೆ ಒಂದು ಹೇಳುತ್ತದೆ, ಅಂಕಿ ಇನ್ನೊಂದು ಹೇಳುತ್ತದೆ, ಕಟ್ಟುವವನು ಎರಡರ ಮಧ್ಯೆ ಸಾಯುತ್ತಾನೆ. ನಾನು ಇದನ್ನು ನೋಟ್ಸಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದೆ.

ಇನ್ನು ಅಡುಗೆ ಅಕ್ಕನ ಗಾಡಿಯ ವಿಷಯ ಹೇಳಬೇಕು.

ನಮ್ಮ ಸ್ಕೂಲಿನಲ್ಲಿ ಬಿಸಿಯೂಟ ಮಾಡುವ ಅಕ್ಕ ನಾನು ಹುಟ್ಟುವ ಮುಂಚಿನಿಂದಲೂ ಅಲ್ಲೇ ಇದ್ದಾರೆ. ಹೆಡ್ಮಾಷ್ಟ್ರಿಗೂ 'ತಟ್ಟೆ ತೊಳ್ದು ಇಡಿ' ಅನ್ನುವ ಜಾತಿ. ಅದಕ್ಕೂ ಎರಡು ವರ್ಷದ ಹಿಂದೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಅವರಿಗೆ ಒಂದು ದೊಡ್ಡ ಸಾಂಬಾರಿನ ಡಬರಿ, ಅದನ್ನು ಕೂರಿಸಲು ನಾಲ್ಕು ಗಾಲಿಯ ಕಬ್ಬಿಣದ ಗಾಡಿ ಕೊಡಿಸಿದರು. ಡಬರಿಯನ್ನು ಗಾಡಿಯ ಮೇಲಿಟ್ಟು, ತಳ್ಳಿಕೊಂಡು ಹೊರಗೆ ಬಂದು, ಸಾಲಾಗಿ ಕುಳಿತ ಮಕ್ಕಳಿಗೆ ಬಡಿಸಲಿ ಅಂತ. ಗಾಡಿಯನ್ನು ಬಿಡಿಬಿಡಿಯಾಗಿ ತಂದು ಅಡುಗೆಮನೆಯ ಒಳಗೇ ವೆಲ್ಡ್ ಮಾಡಿಸಿ ಜೋಡಿಸಿದರು, ಫೋಟೊ ತೆಗೆಸಿಕೊಂಡರು, ಹೋದರು. ಆಮೇಲೆ ತಳ್ಳಿ ನೋಡಿದರೆ ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಅವತ್ತಿನಿಂದ ಆ ಗಾಡಿ ಒಳಗೇ ಇತ್ತು. ನಾಲ್ಕು ಗಾಲಿ ಇದ್ದೂ ಹೊಸಿಲಾಚೆಯ ಪ್ರಪಂಚ ಕಂಡಿರಲಿಲ್ಲ. ಅಕ್ಕ ಕುದಿಯುವ ಸಾಂಬಾರನ್ನು ಬಕೆಟ್ಟಿಗೆ ಮೊಗೆದು ಮೊಗೆದು ಹೊರಗೆ ಹೊರುತ್ತಿದ್ದರು. ದಿನಕ್ಕೆ ಇಪ್ಪತ್ತು ಬಕೆಟ್ಟು. ಅವರ ಎಡಗಾಲ ಮೇಲೆ ಸಾಂಬಾರು ಚೆಲ್ಲಿ ಸುಟ್ಟ ಕಲೆ ಇತ್ತು.

ಹೋದ ವರ್ಷ ಆ ಹಳೇ ಅಡುಗೆಮನೆ ಬೀಳುವ ಹಾಗಾಯಿತು. ಕಬ್ಬಿಣದ ಪೈಪು, ಶೀಟಿನದೊಂದು ಹೊಸ ಅಡುಗೆಮನೆ ಮಾಡಿಸಿಕೊಡುತ್ತೇವೆ ಅಂತ ಅದೇ ಹಳೇ ವಿದ್ಯಾರ್ಥಿಗಳು ಒಪ್ಪಿದರು. ಪೈಪೆಲ್ಲ ಮಂಡ್ಯದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿ, ಇಲ್ಲಿಗೆ ತಂದು ನಿಲ್ಲಿಸುವುದು. ನಕ್ಷೆಯನ್ನು ನಮ್ಮ ಮಕ್ಕಳೇ ಬರೆಯುತ್ತಾರೆ ಅಂತ ಮಿಸ್ ಹೆಡ್ಮಾಷ್ಟ್ರಿಗೆ ಮಾತು ಕೊಟ್ಟುಬಿಟ್ಟರು.

ನಾವೆಲ್ಲ ಹೋಗಿ ಅಕ್ಕನಿಗೆ ಏನೇನು ಬೇಕು ಅಂತ ಕೇಳಿದೆವು. ಕಿಟಕಿ, ಕಪಾಟು, ಟೈಲ್ಸು ಅಂತ ದೊಡ್ಡ ಪಟ್ಟಿ ಬರುತ್ತದೆ ಅಂದುಕೊಂಡಿದ್ದೆ.

"ಏನೂ ಬ್ಯಾಡ ಕಣ್ರಪ್ಪ," ಅಂದರು ಅಕ್ಕ. "ಈ ಗಾಡಿ ನೆಟ್ಟಗೆ ಈಚೆ ಬರೋ ಅಂಗೆ ಒಂದ್ ಬಾಗ್ಲು ಮಡಗ್ಕೊಡಿ. ಮಿಕ್ಕಿದ್ ನಿಮ್ಮಿಷ್ಟ."

ಕೆಲಸ ಹಂಚಿದಾಗ, ಗಾಡಿ ಅಳೆದು ಬಾಗಿಲು ಇರುವ ಗೋಡೆ ಬರೆಯುವುದು ನನ್ನ ಪಾಲಿಗೆ ಬಂತು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ನನಗೆ ಬಿಟ್ಟರೆ ಯಾರಿಗೆ ಕೊಡುತ್ತಾರೆ ಅಂತ ನಾನು ಮೂರು ದಿನ ಊರೆಲ್ಲ ಹೇಳಿಕೊಂಡು ತಿರುಗಿದೆ.

ಸ್ಕೂಲಿಗೆಲ್ಲ ಇದ್ದದ್ದು ಒಂದೇ ಟೇಪು. ಅದು ಜಾಗ ಅಳೆಯುವವರ ಹತ್ತಿರ ಇತ್ತು. ಊಟ ಆದಮೇಲೆ ನನಗೆ ಕೊಡುತ್ತೇವೆ ಅಂದರು. ನಾನು ಕಾಯುವ ಪೈಕಿಯವನೇ ಅಲ್ಲ. ನಮ್ಮ ಕಡೆ ಅಳೆಯುವುದಕ್ಕೆ ಟೇಪು ಹುಡುಕುವವರು ಕಡಿಮೆ. ಹೂವನ್ನು ಮಾರು ಹಾಕಿ ಕೊಡುತ್ತಾರೆ, ಸಸಿಯನ್ನು ಗೇಣು ಹಾಕಿ ನೆಡುತ್ತಾರೆ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಕೈ ಅಗಲಿಸಿದರೆ ಒಂದು ಗೇಣು. ನನ್ನ ಗೇಣಂತೂ ಸ್ಕೂಲಿನಲ್ಲೇ ಹೆಸರುವಾಸಿ. ಎಂಟನೇ ಕ್ಲಾಸಿನಲ್ಲಿ ಸ್ಕೇಲಿನ ಮೇಲೆ ಕೈ ಇಟ್ಟು ನೋಡಿದಾಗ ಸರಿಯಾಗಿ ಎಂಟಿಂಚು ಬಂದಿತ್ತು. ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಅವತ್ತಿನಿಂದ ನಾನು ಬೆಂಚು, ಬೋರ್ಡು, ಹೆಡ್ಮಾಷ್ಟ್ರ ಬೈಕು, ಮಲಗಿದ್ದ ನಾಯಿ, ಎಲ್ಲವನ್ನೂ ಗೇಣಿನಲ್ಲಿ ಅಳೆದು ಇಂಚಿನಲ್ಲಿ ಹೇಳುತ್ತಿದ್ದೆ. ಪರೀಕ್ಷಿಸಿ ನೋಡುವಷ್ಟು ತಾಳ್ಮೆ ಯಾರಿಗೂ ಇರದಿದ್ದರಿಂದ ನಾನು ಒಂದು ಸಲವೂ ತಪ್ಪಿರಲಿಲ್ಲ.

ಗಾಡಿಯ ಅಗಲಕ್ಕೆ ಗೇಣು ಹಾಕಿದೆ. ಸರಿಯಾಗಿ ನಾಲ್ಕು. ನಾಲ್ಕೆಂಟಲ ಮೂವತ್ತೆರಡು. ಎರಡು ಕಡೆಗೂ ಸೇರಿ ಮೂರಿಂಚು ಬಿಡುವು ಸಾಕು ಅಂತ ಮಿಸ್ ಹೇಳಿದ್ದರು. ಬಾಗಿಲು ಮೂವತ್ತೈದಿಂಚು. ಮಿಸ್ ನನ್ನ ಚೀಟಿ ನೋಡಿ, ಟೇಪಿನಲ್ಲೇ ತಾನೆ ಅಳೆದದ್ದು ಅಂತ ಕೇಳಿದರು. ನಾನು ಬಾಯಲ್ಲಿ ಸುಳ್ಳು ಹೇಳಲಿಲ್ಲ. ತಲೆಯನ್ನು ಮಾತ್ರ ಆಡಿಸಿದೆ.

ನಕ್ಷೆ ತಯಾರಾಗಲು ಮೂರು ವಾರ ಹಿಡಿಯಿತು. ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ದೃಷ್ಟಿ ತೆಗೆಸಿಕೊಳ್ಳಬೇಕು ಅನಿಸಿತು. ಬಾಗಿಲಿನ ಎರಡು ಪಕ್ಕಕ್ಕೂ ಆರಾರಿಂಚಿನ ಶೀಟಿನ ಪಟ್ಟಿ ಬಿಟ್ಟಿದ್ದೆ. ಉಪಯೋಗ ಏನೂ ಇಲ್ಲ, ಬರೀ ಅಂದಕ್ಕೆ. ಹಾಳೆಯ ಮೂಲೆಯಲ್ಲಿ ಬರೆದವರು, ಪರಿಶೀಲಿಸಿದವರು ಅಂತ ಎರಡು ಚೌಕ ಇರುತ್ತವೆ. ಮೊದಲನೆಯದರಲ್ಲಿ ನನ್ನ ಹೆಸರನ್ನು ಸ್ಕೂಲಿನ ಹೆಸರಿಗಿಂತ ದಪ್ಪಕ್ಕೆ ಹಾಕಿದೆ. ಎರಡನೆಯದರಲ್ಲಿ ಮಿಸ್ ಸಹಿ ಮಾಡಿದರು. ಶುಕ್ರವಾರ ಮಧ್ಯಾಹ್ನ ನಕ್ಷೆ ವಾಟ್ಸಾಪಿನಲ್ಲಿ ಮಂಡ್ಯಕ್ಕೆ ಹೋಯಿತು. ಶನಿವಾರ ಪೈಪು ಕತ್ತರಿಸಲು ಶುರು ಮಾಡುತ್ತೇವೆ ಅಂತ ಅಂಗಡಿಯವರು ಉತ್ತರ ಕಳಿಸಿದರು.

ಶನಿವಾರ ಬೆಳಿಗ್ಗೆ ಸ್ಕೂಲು. ಮೊದಲ ಪೀರಿಯಡ್ಡಿಗೆ ಟೀಚರ್ ಬಂದಿರಲಿಲ್ಲ ಅಂತ ಎಂಟನೇ ಕ್ಲಾಸಿನ ಮಕ್ಕಳನ್ನು ನೋಡಿಕೊಳ್ಳಲು ನನ್ನನ್ನು ಕಳಿಸಿದರು. ನಾನು ಅವರಿಗೆ ನನ್ನ ಪ್ರಸಿದ್ಧ ಗೇಣಿನ ಕಥೆ ಶುರು ಮಾಡಿದೆ. ಅಡುಗೆಮನೆಯ ಬಾಗಿಲೇ ಈ ಕೈ ಮೇಲೆ ನಿಂತಿದೆ ಅಂತಲೂ ಹೇಳಿದೆ. ಮುಂದಿನ ಬೆಂಚಿನ ಒಬ್ಬಳು ಹುಡುಗಿ ಉದ್ದನೆಯ ಸ್ಕೇಲು ತೆಗೆದು ಡೆಸ್ಕಿನ ಮೇಲಿಟ್ಟಳು.

"ಎಲ್ಲಿ, ಮಡಗಣ್ಣ ನೋಡವಾ."

ನಾನು ಕೈ ಅಗಲಿಸಿ ಠೀವಿಯಿಂದ ಇಟ್ಟೆ. ಅವಳು ಬಗ್ಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಒಂಬತ್ತಲ್ವಾ ಅಣ್ಣ ಇದು?"

ಒಂಬತ್ತು. ಸ್ಕೇಲು ತಪ್ಪಿರಬೇಕು ಅಂತ ಇನ್ನೊಂದು ಸ್ಕೇಲು ತರಿಸಿದೆ. ಅದರಲ್ಲೂ ಒಂಬತ್ತು. ಎಂಟನೇ ಕ್ಲಾಸಿನಿಂದ ಹತ್ತಕ್ಕೆ ಬರುವಷ್ಟರಲ್ಲಿ ನನ್ನ ಪ್ಯಾಂಟು ಮೂರು ಸಲ ಗಿಡ್ಡ ಆಗಿತ್ತು, ಚಪ್ಪಲಿ ನಾಲ್ಕು ಸಲ ಬದಲಾಗಿತ್ತು. ಕೈ ಮಾತ್ರ ನನ್ನ ಮರ್ಯಾದೆಗೋಸ್ಕರ ಎಂಟಿಂಚಿನಲ್ಲೇ ನಿಂತಿರುತ್ತದೆ ಅಂತ ನಾನು ನಂಬಿದ್ದೆ. ನಾಲ್ಕೊಂಬತ್ತಲ ಮೂವತ್ತಾರು. ಬಾಗಿಲು ಮೂವತ್ತೈದು. ಹೊಸ ಅಡುಗೆಮನೆಯಲ್ಲೂ ಅಕ್ಕನ ಗಾಡಿ ಒಳಗೇ.

ನನ್ನ ತಲೆ ಸುಮ್ಮನಿರಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಸರಿಮಾಡುವ ಉಪಾಯ ಹುಡುಕಿತು. ಬಿಡುವಿನಲ್ಲಿ ಲ್ಯಾಬಿಗೆ ನುಗ್ಗಿ ಫೈಲು ತೆಗೆದೆ. ಬಾಗಿಲನ್ನು ಅಗಲ ಮಾಡಬೇಕಾದರೆ ಗೋಡೆಯನ್ನೆಲ್ಲ ಮತ್ತೆ ಎಳೆಯಬೇಕು, ಬಿಡುವು ಹತ್ತೇ ನಿಮಿಷ. 35 ಅನ್ನುವ ಅಂಕಿಯ ಮೇಲೆ 39 ಅಂತ ಟೈಪ್ ಮಾಡಿ ಸೇವ್ ಮಾಡಿದೆ. ನೋಟ್ಸಿನಲ್ಲಿ ಕೆಳಗೆ ಎರಡು ಗೆರೆ ಎಳೆದುಕೊಂಡವನು ನಾನೇ. ಆಮೇಲೆ ಮಿಸ್ ಹತ್ತಿರ ಹೋಗಿ, ಬಾಗಿಲು ಸ್ವಲ್ಪ ದೊಡ್ಡದಿದ್ದರೆ ನೋಡಲು ಚೆಂದ ಅನಿಸಿತು, ಸಣ್ಣ ಬದಲಾವಣೆ ಮಾಡಿದ್ದೇನೆ, ಇನ್ನೊಂದು ಸಲ ಕಳಿಸಿ ಅಂದೆ.

ಮಿಸ್ ಬಂದು ಕುಳಿತು ಬಾಗಿಲಿನ ಎರಡು ತುದಿಯನ್ನು ಕ್ಲಿಕ್ ಮಾಡಿದರು. ಪರದೆಯ ಮೇಲೆ ಕಂಪ್ಯೂಟರು ತನ್ನ ಲೆಕ್ಕ ಹೇಳಿತು. ಮೂವತ್ತೈದು. ಅದರ ಪಕ್ಕದಲ್ಲೇ ನನ್ನ ಮೂವತ್ತೊಂಬತ್ತು.

"ಯಾರ್ ಮಾತ್ ನಂಬ್ಲಿ?" ಅಂದರು ಮಿಸ್. "ನಿಂದೋ, ಗೆರೇದೋ?"

ಅವರು ಬೈದಿದ್ದರೆ ನಾನು ಇನ್ನೂ ನಾಲ್ಕು ಕಥೆ ಕಟ್ಟುತ್ತಿದ್ದೆ. ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಗೇಣು, ಎಂಟು, ಒಂಬತ್ತು, ಅವತ್ತು ತಲೆ ಆಡಿಸಿದ್ದು, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಕೇಳದಷ್ಟು ಸಣ್ಣಗಾಯಿತು.

"ಕೆಳಗೆ ನನ್ ಸಹಿ ಇದೆ ಕಣೋ," ಅಂದರು. ಅಷ್ಟೇ ಅಂದದ್ದು. ಆಮೇಲೆ ಮಂಡ್ಯದ ಅಂಗಡಿಗೆ ಫೋನ್ ಹಚ್ಚಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದರು. ಕಟಿಂಗ್ ಮಿಷನ್ ಸದ್ದಿನಲ್ಲಿ ಅವರಿಗೆ ಫೋನ್ ಕೇಳಿಸುವುದಿಲ್ಲ ಅಂತ ಮಿಸ್ಸೇ ಹೇಳಿದರು. ಕೇಳಿಸುತ್ತಿಲ್ಲ ಅಂದರೆ ಮಿಷನ್ ಓಡುತ್ತಿದೆ ಅಂತ ತಾನೆ ಅರ್ಥ.

ಸ್ಕೂಲು ಬಿಟ್ಟ ತಕ್ಷಣ ಮಂಡ್ಯಕ್ಕೆ ಹೊರಡುವುದು ಅಂತಾಯಿತು. ಅದಕ್ಕೂ ಮುಂಚೆ ಅಕ್ಕನಿಗೆ ವಿಷಯವನ್ನು ನಾನೇ ಹೇಳಬೇಕು ಅಂದರು ಮಿಸ್. ಅಕ್ಕ ಪಾತ್ರೆ ಉಜ್ಜುತ್ತಾ ನನ್ನ ಮಾತನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ಕೈ ಒರೆಸಿಕೊಂಡು ಎದ್ದರು.

"ನಿನ್ ಕೈಯೂ ಬ್ಯಾಡ, ನಿನ್ ಕಂಪೂಟ್ರೂ ಬ್ಯಾಡ. ನಾನೂ ಬತ್ತೀನಿ ನಡಿ."

ಹಿತ್ತಲಿನಲ್ಲಿ ಬಿದ್ದಿದ್ದ ಹಿಪ್ಪುನೇರಳೆ ಕಡ್ಡಿಯೊಂದನ್ನು ಎತ್ತಿಕೊಂಡು ಬಂದು ಗಾಡಿಯ ಅಗಲಕ್ಕೆ ಹಿಡಿದು, ಈಳಿಗೆಮಣೆಯಲ್ಲಿ ಎರಡು ತುದಿಯನ್ನೂ ಕತ್ತರಿಸಿದರು. ಕಡ್ಡಿ ಇದ್ದಷ್ಟೇ ಗಾಡಿ, ಗಾಡಿ ಇದ್ದಷ್ಟೇ ಕಡ್ಡಿ. ಇಂಚಿನ ಮಾತೇ ಇಲ್ಲ. ಮಿಸ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದಕ್ಕಿಂತ ಒಳ್ಳೆಯ ಟೇಪು ಇಲ್ಲ ಅಂದರು.

ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ. ಮಿಸ್ಸೂ ಅಕ್ಕನೂ ಆಧಾರ್ ಕಾರ್ಡು ತೋರಿಸಿ ಮಹಾರಾಣಿಯರ ಹಾಗೆ ಕುಳಿತರು. ಟಿಕೆಟ್ಟು ನನಗೊಬ್ಬನಿಗೇ. ಅಕ್ಕ ಕಡ್ಡಿಯನ್ನು ಮಡಿಲಲ್ಲಿ ಅಡ್ಡಡ್ಡ ಹಿಡಿದುಕೊಂಡಿದ್ದರು. ತುದಿ ಮುರಿದರೆ ಅಳತೆ ಕೆಡುತ್ತದೆ ಅಂತ ಯಾರನ್ನೂ ಹತ್ತಿರ ಬಿಡಲಿಲ್ಲ. ಮೂರಡಿ ಕಡ್ಡಿಯ ಸುತ್ತ ಮೂರು ಸೀಟು ಖಾಲಿ, ಮಿಕ್ಕ ಬಸ್ಸಿನಲ್ಲಿ ಇರುವೆಗೂ ಜಾಗವಿಲ್ಲ.

"ಏನಮ್ಮೋ ಅದು, ಬಂಗಾರದ್ ಕೋಲಾ?" ಅಂದ ಕಂಡಕ್ಟರು. "ಮಡ್ಚಿ ಮಡಿಕೊ. ಜನ ಕೂತ್ಕೊಬೇಕು."

"ಮಡ್ಚಿದ್ರೆ ನನ್ ಬಾಗ್ಲು ಓಯ್ತದೆ ಕಣಪ್ಪ. ನೀನ್ ಮುಂದ್ಕೋಗು."

ಬಾಗಿಲು ಹೋಗುತ್ತದೆ ಅಂದರೆ ಏನರ್ಥ ಅಂತ ತಿಳಿಯದೆ ಕಂಡಕ್ಟರು ಬಸ್ಸಿನ ಬಾಗಿಲನ್ನೇ ಒಂದು ಸಲ ತಿರುಗಿ ನೋಡಿಕೊಂಡ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ನಮ್ಮ ಬಸ್ಸು ಅವುಗಳ ಹಿಂದೆ ಎಷ್ಟು ನಿಧಾನಕ್ಕೆ ಹೋಯಿತೆಂದರೆ, ನಡೆದು ಹೋಗುತ್ತಿದ್ದ ಒಂದು ಹಸು ಎರಡು ಸಲ ನಮ್ಮನ್ನು ದಾಟಿತು. ಪ್ರತಿ ನಿಮಿಷಕ್ಕೂ ಮಂಡ್ಯದಲ್ಲಿ ಒಂದೊಂದು ಪೈಪು ತುಂಡಾಗುತ್ತಿದೆ ಅಂತ ನಾನು ಎಣಿಸುತ್ತಾ ಕುಳಿತೆ. ಮಿಸ್ ಕಿಟಕಿ ಕಡೆ ತಿರುಗಿಕೊಂಡು ಆ ಅಂಗಡಿಗೆ ಫೋನ್ ಮಾಡುತ್ತಲೇ ಇದ್ದರು.

ವೆಲ್ಡಿಂಗ್ ಅಂಗಡಿಯ ಯಜಮಾನರು ವಯಸ್ಸಾದವರು. ಕರೀ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ನಮ್ಮ ನಕ್ಷೆಯ ಪ್ರಿಂಟನ್ನು ಗೋಡೆಗೆ ನೇತುಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಮಿಸ್ಸನ್ನು ನೋಡಿ ಮಿಷನ್ ನಿಲ್ಲಿಸಿದರು.

"ಬನ್ನಿ ಮೇಡಂ. ನಕ್ಸೆ ಬೋ ಚೊಕ್ಕವಾಗೈತೆ. ಇಂಜಿನಿಯರ್‌ಗಳೂ ಇಂಗ್ ಬರ್ಯಲ್ಲ. ಯಾರ್ ಬರ್ದಿದ್ದು?"

ಬುದ್ಧಿ ಬಂದಾಗಿನಿಂದ ನಾನು ಇಂಥದೊಂದು ಪ್ರಶ್ನೆಗೆ ಕಾಯುತ್ತಿದ್ದೆ. ಕೇಳಿದ ಗಳಿಗೆಯಲ್ಲಿ ಅಕ್ಕನ ಸೆರಗಿನ ಹಿಂದೆ ನಿಂತಿದ್ದೆ.

ಕತ್ತರಿಸಿದ ಪೈಪುಗಳು ನೆಲದ ಮೇಲೆ ಸಾಲಾಗಿ ಬಿದ್ದಿದ್ದವು. ಬಾಗಿಲ ಮೇಲಿನ ಅಡ್ಡಪಟ್ಟಿ ಯಾವುದು ಅಂತ ಮಿಸ್ ಕೇಳಿದರು. ಅವರು ಕಾಲಿನಿಂದ ತೋರಿಸಿದರು. ಅದು ಕತ್ತರಿಸಿ ಆಗಿತ್ತು. ಅಕ್ಕ ಕುಳಿತುಕೊಂಡು ಒಂದು ತುದಿ ಸೇರಿಸಿ ಕಡ್ಡಿಯನ್ನು ಅದರ ಪಕ್ಕಕ್ಕೆ ಮಲಗಿಸಿದರು. ಇನ್ನೊಂದು ತುದಿಯಲ್ಲಿ ಕಡ್ಡಿ ಪೈಪಿನಿಂದಾಚೆಗೆ ಬೆರಳಿನಷ್ಟು ಚಾಚಿಕೊಂಡಿತ್ತು.

"ಒಂದಿಂಚು ತಾನೆ," ಅಂದರು ಯಜಮಾನರು, ಸಮಾಧಾನ ಮಾಡುವ ಹಾಗೆ.

"ಒಂದಿಂಚಾದ್ರೂ ಅಷ್ಟೆ, ಒಂದ್ ಮಾರಾದ್ರೂ ಅಷ್ಟೆ ಕಣಣ್ಣ," ಅಂದರು ಅಕ್ಕ. "ಗಾಡಿ ಒಳ್ಗೇ ನಿಂತ್ಕತದೆ. ನಾನು ಬಕೀಟು ಒತ್ಕಂಡ್ ತಿರುಗ್ತೀನಿ."

ನಾನು ಸೆರಗಿನ ಹಿಂದಿನಿಂದ ಈಚೆ ಬಂದು, ಬರೆದವನು ನಾನು, ತಪ್ಪು ಅಳೆದವನೂ ನಾನೇ ಅಂದೆ. ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಮುಂದಿನಿಂದ ನೋಡಿದರು, ಪಕ್ಕಕ್ಕೆ ಬಂದೂ ನೋಡಿದರು. ಆಮೇಲೆ, ಕಂಬಗಳಿಗೆ ಇನ್ನೂ ಕೈ ಹಾಕಿಲ್ಲ, ಅಡ್ಡಪಟ್ಟಿ ಒಂದನ್ನು ಬೇರೆ ಕತ್ತರಿಸಿಕೊಳ್ಳಬಹುದು, ಇದನ್ನು ಕಿಟಕಿಗೆ ಹಾಕಿದರಾಯಿತು ಅಂದರು. ಆದರೆ ಬಾಯಿ ಮಾತಿನ ಮೇಲೆ ಕತ್ತರಿಸುವುದಿಲ್ಲ, ನಕ್ಷೆ ಬೇಕು, ಅದೂ ಈಗಲೇ ಬೇಕು, ಸೋಮವಾರ ಲಾರಿಗೆ ತುಂಬಬೇಕು ಅಂದರು.

ಅಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು. ಮಿಸ್ ಬ್ಯಾಗಿನಿಂದ ಒಂದು ಬಿಳಿ ಹಾಳೆ, ಪೆನ್ಸಿಲ್, ಮರಳುಕಾಗದ ತೆಗೆದು ನನ್ನ ಮುಂದಿಟ್ಟರು.

"ಬರಿ."

ಒಂದು ಕಬ್ಬಿಣದ ಹಲಗೆಯನ್ನು ಎರಡು ಡ್ರಮ್ಮಿನ ಮೇಲಿಟ್ಟು ಮೇಜು ಮಾಡಿದರು. ಕಡ್ಡಿಯನ್ನು ಅಂಗಡಿಯ ಟೇಪಿನಲ್ಲಿ ಅಳೆದೆ. ಮೂವತ್ತಾರು. ಮಿಸ್ ಮತ್ತೆ ಅಳೆ ಅಂದರು. ಮೂವತ್ತಾರು. ಮತ್ತೆ ಅಂದರು. ಮೂರನೇ ಸಲ ಅದು ಐವತ್ತು ಅಂದಿದ್ದರೂ ನನಗೆ ಆಶ್ಚರ್ಯ ಆಗುತ್ತಿರಲಿಲ್ಲ, ಅಷ್ಟು ಹೆದರಿದ್ದೆ. ಬಾಗಿಲು ಮೂವತ್ತೊಂಬತ್ತು ಆಗಬೇಕು. ಆ ನಾಲ್ಕಿಂಚನ್ನು ಎಲ್ಲಿಂದ ತರುತ್ತೀಯ ಅಂತ ಮಿಸ್ ಕೇಳಿದರು. ನಕ್ಷೆಯಲ್ಲಿ ಬಾಗಿಲ ಪಕ್ಕದಲ್ಲಿದ್ದ ಕಲ್ಲಿನ ಕಟ್ಟೆಯಿಂದ ತೆಗೆಯೋಣ ಅಂದೆ. ಅದರ ಮೇಲೆ ಗ್ರೈಂಡರ್ ಕೂರಬೇಕು, ಒಂದು ಬೆರಳೂ ಕೊಡುವುದಿಲ್ಲ ಅಂದರು ಅಕ್ಕ. ನಕ್ಷೆಯನ್ನೇ ನೋಡುತ್ತಾ ನಿಂತೆ. ಅಂದಕ್ಕೆ ಅಂತ ಬಿಟ್ಟಿದ್ದ ಎರಡು ಪಟ್ಟಿಗಳು ಅಲ್ಲಿ ತಮ್ಮ ಪಾಡಿಗೆ ಮೆರೆಯುತ್ತಿದ್ದವು. ಎರಡರಿಂದಲೂ ಎರಡೆರಡಿಂಚು ಕಿತ್ತೆ.

ಸುತ್ತಲೂ ಮಿಷನ್ ಸದ್ದು, ಕಿಡಿ, ಪೇಂಟಿನ ವಾಸನೆ. ಟಿ-ಸ್ಕ್ವೇರು ಇಲ್ಲ, ಅಂಗಡಿಯ ಮೂಲೆಮಟ್ಟ ಇಟ್ಟುಕೊಂಡು ಗೆರೆ ಎಳೆದೆ. ಆ ವರ್ಷದಲ್ಲೇ ಅಷ್ಟು ನೆಟ್ಟಗಿನ ಗೆರೆಯನ್ನು ನಾನು ಎಳೆದಿರಲಿಲ್ಲ. ಮುಗಿದ ಮೇಲೆ ಮಿಸ್ ಒಂದೊಂದೇ ಅಳತೆಯ ಮೇಲೆ ಪೆನ್ನಿಟ್ಟು, ಇದು ಎಲ್ಲಿಂದ ಬಂತು, ಇದು ಎಲ್ಲಿಂದ ಬಂತು ಅಂತ ಕೇಳಿದರು. ಪ್ರತಿಯೊಂದಕ್ಕೂ ಟೇಪು ತೋರಿಸಿದೆ. ಸಹಿ ಮಾಡಿದರು. ಯಜಮಾನರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಹಳೇ ಪ್ರಿಂಟನ್ನು ತೆಗೆದು ಅದನ್ನು ನೇತುಹಾಕಿದರು. ನಮ್ಮೆದುರಿಗೇ ಹೊಸ ಅಡ್ಡಪಟ್ಟಿ ಕತ್ತರಿಸಿದರು. ಅಕ್ಕ ಕಡ್ಡಿಯನ್ನು ಅದರ ಪಕ್ಕ ಮಲಗಿಸಿ, ಉಳಿದ ಜಾಗಕ್ಕೆ ಮೂರು ಬೆರಳು ಇಟ್ಟು ನೋಡಿ, ಎದ್ದರು.

ಮಿಸ್ ಮಂಡ್ಯದಿಂದ ನೇರ ಮದ್ದೂರಿನ ಬಸ್ಸು ಹತ್ತಿದರು. ಹತ್ತುವ ಮುಂಚೆ, ಸೋಮವಾರ ಬಂದಾಗ ಕಂಪ್ಯೂಟರಿನಲ್ಲಿರುವ ಫೈಲನ್ನೂ ಸರಿಮಾಡಬೇಕು, ಗೆರೆ ಎಳೆದು, ಅಂಕಿ ಬರೆದಲ್ಲ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡು ತಮ್ಮ ಅಂಗೈಗೆ ಒತ್ತಿ ಅಳೆದು ನೋಡಿದರು. ನನ್ನ ಬೆರಳು ಅವರದಕ್ಕಿಂತ ಒಂದು ಗೆಣ್ಣು ಉದ್ದ ಇತ್ತು.

"ಬೆಳ್ದಿದ್ದೀಯ ಕಣ್ಲಾ," ಅಂದರು. "ನಿನ್ಗೂ ಗೊತ್ತಾಗಿಲ್ಲ, ನಮ್ಗೂ ಗೊತ್ತಾಗಿಲ್ಲ."

ಮುಂದಿನ ವಾರ ಲಾರಿ ಬಂತು, ಪೈಪು ನಿಂತವು, ಶೀಟು ಹೊದಿಸಿ ಆಯಿತು. ಹಳೇ ಅಡುಗೆಮನೆಯ ಬಾಗಿಲ ಕಡೆ ಗೋಡೆ ಒಡೆದು ಗಾಡಿಯನ್ನು ಬಿಡಿಸಿದರು. ಹೊಸ ಅಡುಗೆಮನೆಯಲ್ಲಿ ಮೊದಲ ಊಟ ಇದ್ದ ದಿನ ಇಡೀ ಸ್ಕೂಲು ತಟ್ಟೆ ಹಿಡಿದು ಸಾಲಾಗಿ ಕುಳಿತು, ಬಾಗಿಲನ್ನೇ ನೋಡುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಕಣ್ಣು ಮಾತ್ರ ಮುಚ್ಚಿದ್ದೆ.

ತೆರೆದಿದ್ದ ಕಣ್ಣಿನಲ್ಲಿ ಕಂಡದ್ದು ಇಷ್ಟು. ಮೊದಲು ಗಾಡಿಯ ಮೂಗು ಬಂತು, ಆಮೇಲೆ ಹೊಗೆಯಾಡುವ ಡಬರಿ ಬಂತು, ಆಮೇಲೆ ಅದನ್ನು ತಳ್ಳುತ್ತಾ ಅಕ್ಕ ಬಂದರು. ಎರಡು ಕಡೆಗೂ ಒಂದೂವರೆ ಇಂಚು. ಎಲ್ಲೂ ತಾಗಲಿಲ್ಲ. ಎರಡು ವರ್ಷ ಉರುಳದೇ ಇದ್ದ ಗಾಲಿಗಳು ಮಾತ್ರ ಎಷ್ಟು ಜೋರಾಗಿ ಕಿರುಚಿದವೆಂದರೆ ಬೇಲಿಯ ಮೇಲಿದ್ದ ಕಾಗೆಗಳೆಲ್ಲ ಎದ್ದು ಹೋದವು. ಮಿಸ್ ಸ್ಟಾಫ್ ರೂಮಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಚಪ್ಪಾಳೆ ಹೊಡೆಯಲು ಎತ್ತಿದ ಕೈಯನ್ನು, ಹೆಡ್ಮಾಷ್ಟ್ರು ನೋಡಿದ್ದರಿಂದ, ಕೂದಲು ಸರಿಮಾಡಿಕೊಳ್ಳುವ ಹಾಗೆ ತಲೆಗೆ ಒಯ್ದರು.

ಅಕ್ಕ ಸಾಲಿನ ಈ ತುದಿಯಿಂದ ಆ ತುದಿಗೆ ಗಾಡಿ ತಳ್ಳಿಕೊಂಡು ಬಡಿಸಿದರು. ಅರ್ಧ ಗಂಟೆ ಹಿಡಿಯುತ್ತಿದ್ದದ್ದು ಹತ್ತು ನಿಮಿಷದಲ್ಲಿ ಮುಗಿಯಿತು. ಮುಗಿದ ಮೇಲೆ ಏನು ಮಾಡಬೇಕು ಅಂತ ತಿಳಿಯದೆ, ಅಭ್ಯಾಸಕ್ಕೆ ಬಕೆಟ್ಟು ಹುಡುಕಿದರು. ಆಮೇಲೆ ಒಂದು ತಟ್ಟೆ ತಂದು, ಅನ್ನ ಹಾಕಿಕೊಂಡು, ಸಾಂಬಾರು ಸುರಿದುಕೊಂಡು, ನಮ್ಮ ಸಾಲಿನ ಕೊನೆಯಲ್ಲಿ ನನ್ನ ಪಕ್ಕಕ್ಕೇ ಕುಳಿತರು. ಬಕೆಟ್ಟು ಹೊರುವುದು ಮುಗಿದು ಅವರು ಊಟಕ್ಕೆ ಕೂರುವ ಹೊತ್ತಿಗೆ ದಿನಾ ಎಲ್ಲ ತಣ್ಣಗಾಗಿರುತ್ತಿತ್ತು. ಅವತ್ತು ಹೊಗೆ ಏಳುತ್ತಿತ್ತು. ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ, ನನ್ನ ಕಡೆ ತಿರುಗಿದರು.

"ಲೇ ಮಗ, ಬಿಸೀಲಿ ತಿಂದ್ರೆ ಇಷ್ಟ್ ಖಾರ ಅದಾ ಇದು? ಇಷ್ಟ್ ವರ್ಸದಿಂದ ಒಬ್ರೂ ಏಳ್ನಿಲ್ವಲ್ಲ ನನ್ಗೆ."

ಹೇಳಲು ನಮಗೆಲ್ಲ ಹೆದರಿಕೆ ಇತ್ತು ಅಂದೆ. ಅಕ್ಕ ನೀರಿನ ಲೋಟ ನನ್ನ ಕೈಯಿಂದಲೇ ಕಿತ್ತುಕೊಂಡು ಒಂದೇ ಗುಟುಕಿಗೆ ಕುಡಿದು, ಮೂಗು ಒರೆಸಿಕೊಂಡು, ಇನ್ನೊಂದು ಸೌಟು ಹಾಕಿಕೊಂಡರು.